ಸಹಾಯ ಬೇಕು: ಅಪ್‌ಲಿಂಕ್‌ನಲ್ಲಿ ಪ್ಯಾಕೆಟ್ ಎಷ್ಟು ಹೊತ್ತು ಕಾದಿದೆ ಅಂತ ತಿಳಿಯೋದು ಹೇಗೆ?

ವೈಮ್ಯಾಕ್ಸ್ ಅನ್ನೋ ವೈರ್‌ಲೆಸ್ ಬ್ರಾಡ್‌ಬ್ಯಾಂಡ್‌ನ ಅಪ್‌ಲಿಂಕ್ (ಬಳಕೆದಾರನಿಂದ ಬೇಸ್ ಸ್ಟೇಷನ್‌ಗೆ ಹೋಗುವ ದಾರಿ) ಸಿಮ್ಯುಲೇಶನ್ ಮಾಡುತ್ತಿದ್ದೇನೆ, ಮೂರು ವಾರದಿಂದ ಒಂದೇ ಕಡೆ ಸಿಕ್ಕಿಹಾಕಿಕೊಂಡಿದ್ದೇನೆ. ಅದರ ಸ್ಟ್ಯಾಂಡರ್ಡ್ 802.16ಇ ಐದು ಸರ್ವೀಸ್ ಕ್ಲಾಸ್ (ಟ್ರಾಫಿಕ್‌ನ ದರ್ಜೆಗಳು) ಕೊಡುತ್ತದೆ. ಯಾರಿಗೆ ಯಾವಾಗ ಸ್ಲಾಟ್ ಅಂತ ತೀರ್ಮಾನಿಸುವ ಶೆಡ್ಯೂಲರ್ ಹೇಗಿರಬೇಕು ಅನ್ನೋದನ್ನು ಮಾತ್ರ ನಮಗೇ ಬಿಟ್ಟಿದೆ. ತಲೆನೋವು ಶುರುವಾಗಿದ್ದು ಅಲ್ಲೇ.

ಮೊದಲು ಸ್ಟ್ರಿಕ್ಟ್ ಪ್ರಯಾರಿಟಿ (ಮೇಲಿನ ದರ್ಜೆಗೇ ಯಾವಾಗಲೂ ಮೊದಲ ಸರದಿ) ಹಾಕಿದೆ. ವಿಡಿಯೋ ಚೆನ್ನಾಗಿ ಹೋಯಿತು, ಆದರೆ ಲೋಡ್ ಜಾಸ್ತಿಯಾದ ಕೂಡಲೇ ಯಾವ ಗ್ಯಾರಂಟಿಯೂ ಇಲ್ಲದ ಬೆಸ್ಟ್ ಎಫರ್ಟ್ ದರ್ಜೆಯ ಕ್ಯೂಗೆ ಒಂದು ಸ್ಲಾಟೂ ಸಿಗಲಿಲ್ಲ, ಪಾಪ. ಆಮೇಲೆ ಪ್ರಪೋರ್ಷನಲ್ ಫೇರ್. ಈ ಕ್ಷಣದ ರೇಟನ್ನು ಸರಾಸರಿ ಥ್ರೂಪುಟ್‌ನಿಂದ ಭಾಗಿಸಿ, ಯಾರದು ಜಾಸ್ತಿಯೋ ಅವರಿಗೆ ಸ್ಲಾಟ್. ಎಲ್ಲರಿಗೂ ಪಾಲು ಸಿಕ್ಕಿತು. ಆದರೆ ಆ ಲೆಕ್ಕದಲ್ಲಿ ಡೆಡ್‌ಲೈನ್ ಅನ್ನೋ ಮಾತೇ ಇಲ್ಲ ಅಲ್ವಾ? ವಿಡಿಯೋ ಪ್ಯಾಕೆಟ್‌ಗಳು ಕ್ಯೂನಲ್ಲೇ ಕೂತು ಹಳಸಿಹೋದವು.

ಈಗ ಕಾದ ಸಮಯವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳುವ ಎಂ-ಎಲ್‌ಡಬ್ಲ್ಯುಡಿಎಫ್ ಅನ್ನೋ ಶೆಡ್ಯೂಲರ್ ಹಿಡಿದಿದ್ದೇನೆ. ಇದಕ್ಕೆ ಕ್ಯೂನ ಮುಂದಿರುವ ಪ್ಯಾಕೆಟ್ ಎಷ್ಟು ಹೊತ್ತು ಕಾದಿದೆ ಅಂತ ಗೊತ್ತಿರಬೇಕು. ಡೌನ್‌ಲಿಂಕ್‌ನಲ್ಲಿ ಕ್ಯೂ ಬೇಸ್ ಸ್ಟೇಷನ್‌ನಲ್ಲೇ ಇರುತ್ತೆ, ತೊಂದರೆ ಇಲ್ಲ. ಅಪ್‌ಲಿಂಕ್‌ನಲ್ಲಿ ಪ್ಯಾಕೆಟ್ ಬಳಕೆದಾರನ ಕಡೆ ಇದೆ. ಅವನು ಕಳಿಸುವ ಬ್ಯಾಂಡ್‌ವಿಡ್ತ್ ರಿಕ್ವೆಸ್ಟ್ ನೋಡಿದರೆ ಎಷ್ಟು ಬೈಟ್ ಬೇಕು ಅಂತ ಮಾತ್ರ ಇದೆ, ಕಾದ ಸಮಯ ಇಲ್ಲ.

ಸದ್ಯಕ್ಕೆ ರಿಕ್ವೆಸ್ಟ್ ಬಂದ ಗಳಿಗೆಯಿಂದ ಎಣಿಸುತ್ತಿದ್ದೇನೆ. ಅದಕ್ಕೂ ಮುಂಚೆ ಪೋಲಿಂಗ್‌ಗೆ (ಬೇಸ್ ಸ್ಟೇಷನ್ ರಿಕ್ವೆಸ್ಟ್ ಕಳಿಸಲು ಕೊಡುವ ಸರದಿಗೆ) ಕಾದ ಹೊತ್ತು ಲೆಕ್ಕಕ್ಕೇ ಬರುತ್ತಿಲ್ಲ. ಒಂದು ಪೂರ್ತಿ ಪೋಲಿಂಗ್ ಅವಧಿಯನ್ನು ಸೇರಿಸಿಬಿಡಲಾ, ಅರ್ಧ ಸಾಕಾ, ಅಥವಾ ಅಪ್‌ಲಿಂಕ್‌ಗೆ ಬೇರೆ ಶೆಡ್ಯೂಲರೇ ವಾಸಿಯಾ? ಮಾಡಿ ನೋಡಿದವರು ಹೇಳಿ.