ಲಾರಿಯ ‘ಇಸಿಎಂ’ಗೆ ಕನ್ನಡದಲ್ಲಿ ಏನೆನ್ನೋಣ? ನಾಳೆಯೇ ಫಲಕ ಬರೆಸಬೇಕು

ಕಲಬುರಗಿಯಿಂದ, ಅನುವಾದಕ:
ಎಲ್ಲರಿಗೂ ನಮಸ್ಕಾರ. ಹುಮನಾಬಾದ್ ರಸ್ತೆಯಲ್ಲಿ ಲಾರಿ ದುರಸ್ತಿ ಕಲಿಸುವ ಒಂದು ಶೆಡ್ಡಿಗೆ ಗೋಡೆ ಫಲಕ ಬೇಕಾಗಿದೆ. ಇಂಗ್ಲಿಷ್ ಪಠ್ಯ ಕೊಟ್ಟಿದ್ದಾರೆ, ಕನ್ನಡ ನನ್ನ ಪಾಲಿಗೆ ಬಂದಿದೆ. ಪೇಂಟರ್ ಬೆಳಿಗ್ಗೆಯೇ ಬರುತ್ತಾನೆ. ಡೀಸೆಲ್ ಎಷ್ಟು, ಯಾವ ಗಳಿಗೆಗೆ ಚಿಮ್ಮಬೇಕು ಎಂದು ಲೆಕ್ಕ ಹಾಕುವ ಪೆಟ್ಟಿಗೆಗೆ ಶೆಡ್ಡಿನಲ್ಲಿ ಎಲ್ಲರೂ ‘ಇಸಿಎಂ’ ಎನ್ನುತ್ತಾರೆ. ನಾನು ‘ವಿದ್ಯುನ್ಮಾನ ನಿಯಂತ್ರಣ ಘಟಕ’ ಎಂದು ಬರೆದೆ. ಓದಿದ ಹುಡುಗ ‘ಇದು ಜೆಸ್ಕಾಂ ಕಚೇರಿಯೇ?’ ಎಂದು ಕೇಳಿದ. ಫಲಕದ ಮುಖ್ಯ ಸಾಲಿನ ಹುರುಳು ಇಷ್ಟು: ವಿದ್ಯುತ್ ಪೂರೈಕೆ ಮತ್ತು ಭೂಸಂಪರ್ಕ ಪರೀಕ್ಷಿಸಿ ದೋಷನಿರ್ಣಯ ಮಾಡದೆ ಆ ಪೆಟ್ಟಿಗೆಯನ್ನು ಬದಲಿಸಬೇಡಿ. ಪದ ಸೂಚಿಸಿ, ದಯವಿಟ್ಟು ಇವತ್ತೇ.

ಶಹಾಪುರದಿಂದ:
ಸಂಸ್ಕೃತದ ಮೂರು ಬಂಡೆಗಳನ್ನು ಒಂದರ ಮೇಲೊಂದು ಪೇರಿಸಿದರೆ ಹುಡುಗ ಹೆದರದೆ ಇರುತ್ತಾನೆಯೇ? ‘ಮಿನ್ನಂಕೆ’ ಎನ್ನಿ. ಮಿನುಗು, ಮಿಂಚು ಎರಡರಲ್ಲೂ ಇರುವುದು ‘ಮಿನ್’, ಅಂಕೆ ಎಂದರೆ ಹಿಡಿತ. ನಡುವೆ ‘ನ’ ಇಮ್ಮಡಿಯಾದದ್ದು ಹೇಗೆಂದು ಈ ಬಳಗಕ್ಕೆ ಹೇಳಬೇಕಾಗಿಲ್ಲ. ‘ಮಿನ್ನಂಕೆ ಕೆಟ್ಟಿದೆ’, ‘ಮಿನ್ನಂಕೆಯನ್ನು ಬಿಚ್ಚು’: ನಾಲಿಗೆಗೆ ಎಷ್ಟು ಹಗುರ ನೋಡಿ.

ಕಲಬುರಗಿಯಿಂದ, ನಿವೃತ್ತ ಅಧ್ಯಾಪಕ:
‘ಅಂಕೆ’ ಸಂಸ್ಕೃತದ ಅಂಕದಿಂದ ಬಂದದ್ದಲ್ಲ ಎಂದು ಮೊದಲು ತೋರಿಸಿ, ಆಮೇಲೆ ಮಡಿ ಉಡಿ. ‘ನಿಯಂತ್ರಕ’ ಸಾಕು. ಘಟಕ, ಗಿಟಕ ಬೇಡ.

ಶಹಾಪುರದಿಂದ:
ಅಂಕೆ ಬೇಡವೆಂದರೆ ‘ಹತೋಟಿ’ ಇದೆ. ಮಿನ್‌ಹತೋಟಿ.

ಕಲಬುರಗಿಯಿಂದ, ನಿವೃತ್ತ ಅಧ್ಯಾಪಕ:
ಮರಾಠಿಯಲ್ಲಿ ‘ಹಾತೋಟಿ’ ಎಂದರೆ ಕೈಚಳಕ. ‘ಹಾತ್’ ಯಾರ ಕೈ ಎಂದು ಬಸವಕಲ್ಯಾಣದ ಸಂತೆಯಲ್ಲಿ ಕೇಳಿ ಬನ್ನಿ.

ಬೀದರಿನಿಂದ:
ಗುರುಗಳೇ, ಶಹಾಪುರದವರೇ, ಹೆಸರಿನ ಜಗಳ ಸ್ವಲ್ಪ ನಿಲ್ಲಲಿ. ಫಲಕದಲ್ಲಿ ಅದಕ್ಕಿಂತ ದೊಡ್ಡ ತಪ್ಪಿದೆ. ‘ಭೂಸಂಪರ್ಕ’ ಎಂದರೇನು ಸ್ವಾಮಿ? ಮನೆಯ ವೈರಿಂಗಿನಲ್ಲಿ ಅರ್ತ್ ತಂತಿ ನಿಜವಾಗಿಯೂ ಮಣ್ಣಿಗೆ ಇಳಿಯುತ್ತದೆ, ಅಲ್ಲಿ ಆ ಪದ ಸಲ್ಲುತ್ತದೆ. ಲಾರಿ ನಿಂತಿರುವುದು ರಬ್ಬರ್ ಟೈರಿನ ಮೇಲೆ. ಅದರ ಅರ್ತ್ ಎಂದರೆ ಕರೆಂಟು ಬ್ಯಾಟರಿಯ ಋಣ ತುದಿಗೆ ಮರಳುವ ದಾರಿ. ಚಾಸಿಯ ಕಬ್ಬಿಣ, ಇಲ್ಲವೇ ಇಸಿಎಂಗೆಂದೇ ಎಳೆದ ತಂತಿ. ‘ಭೂಸಂಪರ್ಕ ಪರೀಕ್ಷಿಸಿ’ ಎಂದು ಓದಿದ ಹುಡುಗ ಗುದ್ದಲಿ ತರಬೇಕೇ? ‘ಅರ್ತ್’ ಎಂದೇ ಬರೆಯಿರಿ.

‘ಪರೀಕ್ಷಿಸಿ’ಯೂ ಸಾಲದು. ಬಹುತೇಕ ಎಳೆಗಳು ಹರಿದು ಒಂದೆರಡೇ ಉಳಿದ ತಂತಿಯೂ ಮೀಟರಿನಲ್ಲಿ ಬ್ಯಾಟರಿಯ ಪೂರ್ತಿ 24 ವೋಲ್ಟ್ ತೋರಿಸುತ್ತದೆ, ಏಕೆಂದರೆ ಮೀಟರ್ ಎಳೆಯುವ ಕರೆಂಟು ಇಲ್ಲವೆನ್ನುವಷ್ಟು ಕಡಿಮೆ. ಇಸಿಎಂ ಕನೆಕ್ಟರ್ ಬಿಚ್ಚಿ, ಪೂರೈಕೆಯ ಪಿನ್ನಿಗೂ ಅರ್ತ್ ಪಿನ್ನಿಗೂ ನಡುವೆ 24 ವೋಲ್ಟಿನ ಬಲ್ಬು ಹಚ್ಚಬೇಕು. ಮಂಕಾಗಿ ಉರಿದರೆ ಕೆಟ್ಟಿರುವುದು ದಾರಿ, ಪೆಟ್ಟಿಗೆಯಲ್ಲ. ಇಂಗ್ಲಿಷ್ ಪಠ್ಯದಲ್ಲಿ ಇದನ್ನು ಲೋಡ್ ಹಾಕಿ ನೋಡುವುದು ಎಂದಿರಬಹುದು. ಹಾಗೆಯೇ ಬರೆದರೆ ನಮ್ಮ ಹುಡುಗರು ತೊಗರಿ ಚೀಲ ಏರಿಸಿಯಾರು. ‘ಬಲ್ಬು ಹಚ್ಚಿ ನೋಡಿ’ ಎಂದು ಬಿಡಿಸಿ ಹೇಳಿ.

ಇನ್ನು ‘ನಿರ್ಣಯ’. ನಿರ್ಣಯ ಎಂದರೆ ತೀರ್ಪು ಕೊಟ್ಟಾಯಿತು ಎಂದರ್ಥ. ಶೆಡ್ಡಿನಲ್ಲಿ ನಡೆಯುತ್ತಿರುವ ಅನ್ಯಾಯವೇ ಅದು: ಸ್ಕ್ಯಾನರಿನಲ್ಲಿ ದೋಷದ ಕೋಡುಗಳ ಸಾಲು ಕಂಡರೆ ಇಸಿಎಂ ಹೋಯಿತು ಎಂದು ತೀರ್ಪು! ಸೆನ್ಸರುಗಳಿಗೆ ಇಸಿಎಂ 5 ವೋಲ್ಟ್ ಕೊಡುತ್ತದೆ. ಆ 5 ವೋಲ್ಟಿನ ಒಂದೇ ತಂತಿಯನ್ನು ಹಂಚಿಕೊಂಡ ಸೆನ್ಸರುಗಳಲ್ಲಿ ಒಂದು ಶಾರ್ಟ್ ಆದರೂ ಉಳಿದವೆಲ್ಲ ಸುಳ್ಳು ಹೇಳತೊಡಗುತ್ತವೆ. ಒಂದೊಂದಾಗಿ ಕಳಚುತ್ತಾ ಹೋಗಿ, 5 ವೋಲ್ಟ್ ಎಲ್ಲಿ ಮರಳುತ್ತದೆಯೋ ಅಲ್ಲಿ ಕಳ್ಳ ಸಿಗುತ್ತಾನೆ. ಆದ್ದರಿಂದ ‘ದೋಷ ಪತ್ತೆ’. ಪತ್ತೆ ಮಾಡಲು ಹುಡುಕಬೇಕಾಗುತ್ತದೆ, ನಿರ್ಣಯಕ್ಕೆ ಕುರ್ಚಿ ಸಾಕು.

‘ಬದಲಿಸಿ’ ಎಂದು ಅಷ್ಟಕ್ಕೇ ಬಿಡಬೇಡಿ. ಹೊಸ ಪೆಟ್ಟಿಗೆ ಖಾಲಿ ಪಾಟಿಯಂತೆ ಬರಬಹುದು. ಆ ಗಾಡಿಗೆ ಒಪ್ಪುವ ಪ್ರೋಗ್ರಾಂ, ಚಾಸಿ ಸಂಖ್ಯೆ, ಹಲವು ಎಂಜಿನ್ನುಗಳಲ್ಲಿ ಪ್ರತಿ ಇಂಜೆಕ್ಟರಿನ ಮೇಲೆ ಅಚ್ಚಾದ ಕೋಡು, ಎಲ್ಲವನ್ನೂ ಅದಕ್ಕೆ ಉಣಿಸಬೇಕು. ‘ತುಂಬಿ’ ಎಂದರೆ ಡೀಸೆಲ್ ನೆನಪಾಗುತ್ತದೆ. ‘ಪ್ರೋಗ್ರಾಂ ಹಾಕಿಸಿ’ ಎನ್ನಿ.

ಶಹಾಪುರದಿಂದ:
ಇಸಿಎಂ, ಅರ್ತ್, ಬಲ್ಬು, ಸೆನ್ಸರ್, ಪ್ರೋಗ್ರಾಂ. ಕನ್ನಡಕ್ಕೆ ಉಳಿದದ್ದು ವಿಭಕ್ತಿ ಪ್ರತ್ಯಯ ಮಾತ್ರ.

ಬೀದರಿನಿಂದ:
ಕ್ರಿಯಾಪದವನ್ನು ಮರೆತಿರಿ. ಬಿಚ್ಚು, ಹಚ್ಚು, ಕಳಚು, ನೋಡು: ಶೆಡ್ಡು ನಡೆಯುವುದೇ ಇವುಗಳಿಂದ. ‘ಬದಲು’ ಅರಬ್ಬಿ, ‘ದುರಸ್ತಿ’ ಪಾರಸಿ, ‘ಮಿಸ್ತ್ರಿ’ ಪೋರ್ಚುಗೀಸರ ‘ಮೆಸ್ತ್ರೆ’. 1948ರವರೆಗೆ, ನಿಜಾಮರ ಆಳ್ವಿಕೆಯಲ್ಲಿ, ನಮ್ಮ ಜಿಲ್ಲೆಗಳ ಸರ್ಕಾರಿ ಕಾಗದ ಬಹುತೇಕ ಉರ್ದುವಿನಲ್ಲಿತ್ತು. ಹೀಗೆ ಬಂದ ಪದಗಳನ್ನು ಈಗ ಹೊರಗೆ ಹಾಕಿದರೆ ಶೆಡ್ಡಿನಲ್ಲಿ ಸನ್ನೆ ಮಾಡಿಕೊಂಡು ಕೆಲಸ ಕಲಿಯಬೇಕಾಗುತ್ತದೆ.

ಕಲಬುರಗಿಯಿಂದ, ನಿವೃತ್ತ ಅಧ್ಯಾಪಕ:
ಎರವಲಿಗೆ ನನ್ನ ವಿರೋಧವಿಲ್ಲ. ಮೆಸ್ತ್ರೆ ನಮ್ಮ ಬಾಯಲ್ಲಿ ಮಿಸ್ತ್ರಿಯಾಗಿ ಪಳಗಿತು, ಬಹುವಚನ ತೆಗೆದುಕೊಂಡಿತು. ಇಸಿಎಂ ಪದವೇ ಅಲ್ಲ. ಬಿಡಿ ಅಕ್ಷರಗಳ ಉಚ್ಚಾರಣೆ. ಅದನ್ನು ಎರವಲು ಎನ್ನುವುದು ಭಾಷಾಶಾಸ್ತ್ರಕ್ಕೆ ಮಾಡುವ ಅವಮಾನ.

ಬೀದರಿನಿಂದ:
ತಮ್ಮ ಹೆಸರಿನ ಮುಂದೆ ‘ಎಂ.ಎ.’ ಎಂದು ಬರೆದುಕೊಂಡಾಗ ಆ ಅವಮಾನ ಆಗಿರಲಿಲ್ಲವೇ, ಗುರುಗಳೇ?

ಕಲಬುರಗಿಯಿಂದ, ನಿವೃತ್ತ ಅಧ್ಯಾಪಕ:
ವೈಯಕ್ತಿಕ ಮಾತು ಬೇಡ. ‘ನಿಯಂತ್ರಕ’ ಸಾಕು ಎಂದು ಆಗಲೇ ಹೇಳಿದ್ದೇನೆ.

ಯಾದಗಿರಿಯಿಂದ:
ಮೌನವಾಗಿ ಓದುತ್ತಿದ್ದೆ. ಬಿಡಿಭಾಗದ ಅಂಗಡಿಯವನ ಬಿಲ್ಲಿನಲ್ಲಿ, ಸ್ಕ್ಯಾನರಿನ ಪರದೆಯಲ್ಲಿ, ಪೆಟ್ಟಿಗೆಯ ಚೀಟಿಯಲ್ಲಿ ಇರುವುದು ಇಸಿಎಂ ಅಥವಾ ಇಸಿಯು. ಹುಡುಗ ನಾಳೆ ಸೇಡಂ ಕಡೆಯ ಸಿಮೆಂಟ್ ಲಾರಿಗೆ ‘ಮಿನ್ನಂಕೆ ಕೊಡಿ’ ಎಂದರೆ ಅಂಗಡಿಯವನು ಏನು ಕೊಡಬೇಕು? ಮೊದಲ ಸಲ ‘ಎಂಜಿನ್ ನಿಯಂತ್ರಕ’ ಎಂದು ಬರೆದು, ಪಕ್ಕದಲ್ಲೇ ಇಸಿಎಂ ಎಂದು ಹೇಳಿ, ಮುಂದೆಲ್ಲ ಇಸಿಎಂ ಎಂದೇ ಬಳಸಿ.

ಕಲಬುರಗಿಯಿಂದ, ಅನುವಾದಕ:
ಯಾದಗಿರಿಯವರ ಮಾತನ್ನು ಒಪ್ಪಿದ್ದೇನೆ. ‘ಎಂಜಿನ್ ನಿಯಂತ್ರಕ, ಅಂದರೆ ಇಸಿಎಂ, ಕೆಟ್ಟಿದೆ ಎನ್ನುವ ಮೊದಲು ಅದಕ್ಕೆ ಬರುವ ಕರೆಂಟನ್ನೂ ಅರ್ತನ್ನೂ ಬಲ್ಬು ಹಚ್ಚಿ ನೋಡಿ. ಹೊಸ ಇಸಿಎಂ ಕೂರಿಸಿದ ಮೇಲೆ ಆ ಗಾಡಿಯ ಪ್ರೋಗ್ರಾಂ ಹಾಕಿಸಿ.’ ಕೆಳಗೆ ಇನ್ನೊಂದು ಸಾಲಿದೆ: ‘ಗಾಡಿಯ ಮೇಲೆ ಬೆಸುಗೆ ಹಾಕುವ ಮೊದಲು ಬ್ಯಾಟರಿಯನ್ನೂ ಇಸಿಎಂ ಕನೆಕ್ಟರನ್ನೂ ಬಿಚ್ಚಿ.’ ಇದರಲ್ಲಾದರೂ ತಕರಾರು ಇರಲಾರದು.

ಶಹಾಪುರದಿಂದ:
ಬೆಸುಗೆ! ಇಡೀ ಫಲಕದಲ್ಲಿ ಉಸಿರಾಡುತ್ತಿರುವ ಪದ ಅದೊಂದೇ.

ಬೀದರಿನಿಂದ:
ತಕರಾರು ಇದೆ. ತಂತಿಗೆ ಸೀಸ ಕರಗಿಸಿ ಹಚ್ಚುವುದನ್ನೂ ಬೆಸುಗೆ ಎನ್ನುತ್ತಾರೆ. ಇಲ್ಲಿ ಹೇಳಬೇಕಾದದ್ದು ಚಾಸಿಯ ಮೇಲೆ ಕಿಡಿ ಹಾರಿಸುವ ವೆಲ್ಡಿಂಗ್. ಅದರ ಕರೆಂಟು ದಾರಿ ತಪ್ಪಿ ಇಸಿಎಂ ಒಳಗೆ ಹೊಕ್ಕರೆ ಅದು ಸುಟ್ಟೀತು. ಇಲ್ಲಿ ಗೊಂದಲವಾದರೆ ಹೋಗುವುದು ಹುಡುಗನ ಕೂಲಿ.

ಶಹಾಪುರದಿಂದ:
ಹಾಗಾದರೆ ಸೀಸದ್ದಕ್ಕೆ ‘ಸೋಲ್ಡರ್’ ಎನ್ನಿ, ನಿಮಗೆ ಹೇಗೂ ಇಂಗ್ಲಿಷೇ ಬೇಕು. ಬೆಸುಗೆಯನ್ನು ಬಿಟ್ಟುಬಿಡಿ.

ಕಲಬುರಗಿಯಿಂದ, ಅನುವಾದಕ:
ಪೇಂಟರಿಗೆ ‘ವೆಲ್ಡಿಂಗ್’ ಎಂದು ಬರೆದುಕೊಟ್ಟಾಯಿತು. ಬೆಸುಗೆಯ ಜಗಳಕ್ಕೆ ಹೊಸ ಪತ್ರ ತೆಗೆಯಿರಿ.