ಥರ್ಮಲ್ ಕ್ಯಾಮೆರಾ ತೋರಿಸುವ ಟೈರಿನ ಬಿಸಿಯನ್ನು ಎಷ್ಟು ನಂಬಬಹುದು?

ಪ್ರಶ್ನೆ (ಚಿಂಚವಾಡ, ಪುಣೆ):
ನಮಸ್ಕಾರ. ಕೊಯಮತ್ತೂರಿನ 2.1 ಕಿಲೋಮೀಟರ್ ಉದ್ದದ ‘ಕರಿ ಮೋಟರ್ ಸ್ಪೀಡ್‌ವೇ’ ರೇಸ್ ಟ್ರ್ಯಾಕಿನಲ್ಲಿ ಕಾರು ಓಡಿಸಿ ಪಿಟ್‌ಗೆ (ಟ್ರ್ಯಾಕಿನ ಪಕ್ಕ ಕಾರು ನಿಲ್ಲಿಸುವ ಜಾಗಕ್ಕೆ) ಬಂದಾಗ, ಮೊಬೈಲಿಗೆ ಸಿಕ್ಕಿಸುವ ಥರ್ಮಲ್ ಕ್ಯಾಮೆರಾದಲ್ಲಿ ಮುಂದಿನ ಎಡ ಟೈರಿನ ಒಳ ಅಂಚು 92, ನಡುಭಾಗ 84, ಹೊರ ಅಂಚು 71 ಡಿಗ್ರಿ ತೋರಿಸಿತು. ಇದನ್ನು ನಂಬಿ ಕ್ಯಾಂಬರ್ (ಮುಂದಿನಿಂದ ನೋಡಿದಾಗ ಚಕ್ರ ವಾಲಿರುವ ಕೋನ) ತಗ್ಗಿಸಬಹುದೇ?

ಉತ್ತರ (ಕೋಥರೂಡ್, ಪುಣೆ):
ದಯವಿಟ್ಟು ಅವಸರ ಮಾಡಬೇಡಿ. ಕ್ಯಾಮೆರಾ ಕಾಣುವುದು ರಬ್ಬರಿನ ಮೇಲ್ಮೈಯನ್ನು ಮಾತ್ರ. ನೀವು ನಿಧಾನವಾಗಿ ಒಂದು ಸುತ್ತು ಹಾಕಿ ಬರುವಷ್ಟರಲ್ಲಿ ಆ ಮೇಲ್ಮೈ ತಣ್ಣಗಾಗಿರುತ್ತದೆ, ಅಲ್ಲದೆ ನೇರ ದಾರಿಯಲ್ಲಿ ನೆಗೆಟಿವ್ ಕ್ಯಾಂಬರ್‌ನಿಂದಾಗಿ (ಚಕ್ರದ ಮೇಲ್ಭಾಗ ಒಳಕ್ಕೆ ವಾಲಿರುವುದರಿಂದ) ಒಳ ಅಂಚೇ ಹೆಚ್ಚು ಭಾರ ಹೊರುವುದರಿಂದ ಅದು ಬಿಸಿಯಾಗಿಯೇ ಉಳಿಯುತ್ತದೆ. ರಬ್ಬರಿನೊಳಕ್ಕೆ ಕೆಲವು ಮಿಲಿಮೀಟರ್ ಚುಚ್ಚಿ ಅಳೆಯುವ ಸೂಜಿಯ ಪೈರೋಮೀಟರಿನಿಂದ, ನಿಂತ ಕೂಡಲೇ, ಅದೇ ಮೂರು ಜಾಗಗಳನ್ನು ಅಳೆಯಿರಿ. ಅಲ್ಲಿಯೂ ಇಪ್ಪತ್ತು ಡಿಗ್ರಿ ಅಂತರ ಕಂಡರೆ ಕ್ಯಾಂಬರ್ ನಿಜಕ್ಕೂ ಹೆಚ್ಚಾಗಿದೆ.

ಉತ್ತರ (ದಾದರ್, ಮುಂಬೈ):
ಕ್ಯಾಮೆರಾದಲ್ಲಿ ಎಮಿಸಿವಿಟಿಯನ್ನು (ಮೇಲ್ಮೈ ಎಷ್ಟರ ಮಟ್ಟಿಗೆ ಶಾಖವನ್ನು ಹೊರಸೂಸುತ್ತದೆ ಎಂಬ ಅಂಕಿಯನ್ನು) 0.95ಕ್ಕೆ ಇಟ್ಟಿದ್ದೀರಾ? ರಬ್ಬರಿಗೆ ಅದು ಸರಿಹೊಂದುತ್ತದೆ; ಹೊಳೆಯುವ ಅಲಾಯ್ ರಿಮ್ಮಿನ ಅಂಕಿಯನ್ನು ಮಾತ್ರ ಲೆಕ್ಕಕ್ಕೆ ತೆಗೆದುಕೊಳ್ಳಬೇಡಿ, ಅದು ಸುತ್ತಲಿನ ಬಿಸಿಯನ್ನು ಪ್ರತಿಫಲಿಸುತ್ತದೆ. ಎರಡು ಅಂಚುಗಳ ಸರಾಸರಿ 81.5 ಆಗಿರುವಾಗ ನಡುಭಾಗ 84 ಇರುವುದರಿಂದ, ಗಾಳಿಯ ಒತ್ತಡ ಹೆಚ್ಚುಕಡಿಮೆ ಸರಿಯಾಗಿದೆ ಎನ್ನಬಹುದು.

ಪ್ರಶ್ನೆ ಕೇಳಿದವರು:
ಎಮಿಸಿವಿಟಿಯನ್ನು ನಾನು ನೋಡಿಯೇ ಇರಲಿಲ್ಲ. ಮುಂದಿನ ಸಲ ಪೈರೋಮೀಟರ್ ಒಯ್ದು ಎರಡೂ ಅಂಕಿಗಳನ್ನು ಇಲ್ಲೇ ಬರೆಯುತ್ತೇನೆ. ಇಬ್ಬರಿಗೂ ಧನ್ಯವಾದಗಳು.