ದಿವಾಳಿ ಅರ್ಜಿ ಹಾಕಿದ್ರೆ ಸ್ಟೂಡೆಂಟ್ ಲೋನ್ ಹೋಗುತ್ತಾ? ವಕೀಲರನ್ನೇ ಕೇಳಿ

ಅಡ್ಮಿನ್: ಅಮೆರಿಕದಲ್ಲಿರೋ ನಮ್ಮವರು ತುಂಬಾ ಜನ ಕೇಳಿದ್ರಿ ಅಂತ, ಮಿಶಿಗನ್‌ನಲ್ಲಿ ಬ್ಯಾಂಕ್ರಪ್ಟ್ಸಿ ಕೇಸು ನಡೆಸೋ ವಕೀಲರೊಬ್ಬರು ಇವತ್ತು ಉತ್ತರ ಕೊಡ್ತಾರೆ. ಹೆಸರು, ಲೋನ್ ನಂಬರ್ ಹಾಕಬೇಡಿ.

ರಾಗಿಮುದ್ದೆ: ಮೇಡಂ ನಮಸ್ಕಾರ. ಚಾಪ್ಟರ್ 7 ದಿವಾಳಿ ಅರ್ಜಿ ಹಾಕಿದ್ರೆ ಕ್ರೆಡಿಟ್ ಕಾರ್ಡ್ ಬಾಕಿ ಜೊತೆ ಇದೂ ಹೋಗುತ್ತಲ್ವಾ?

ವಕೀಲೆ: ನಮಸ್ಕಾರ. ತಾನಾಗೇ ಹೋಗಲ್ಲ. ದಿವಾಳಿ ಕೋರ್ಟಿನಲ್ಲೇ ಬೇರೆ ದಾವೆ ಹೂಡಬೇಕು, ಅಡ್ವರ್ಸರಿ ಪ್ರೊಸೀಡಿಂಗ್ ಅಂತಾರೆ. ಕಟ್ಟೋದು 'ಅಂಡ್ಯೂ ಹಾರ್ಡ್‌ಶಿಪ್', ಅಂದ್ರೆ ಮಿತಿಮೀರಿದ ಕಷ್ಟ ಅಂತ ಜಡ್ಜ್ ಒಪ್ಪಬೇಕು.

ಬೆಣ್ಣೆದೋಸೆ: ನಾನು ಎಚ್-1ಬಿ. ದಿವಾಳಿ ಹಾಕಿದ್ರೆ ಗ್ರೀನ್‌ಕಾರ್ಡಿಗೆ ತೊಂದ್ರೆನಾ?

ತುಂಗಾ ತೀರ: ನನಗೆ 53. 2008ರಲ್ಲಿ ನರ್ಸಿಂಗ್ ಸೇರಿದೆ, ಕೊನೇ ವರ್ಷ ಯಜಮಾನರಿಗೆ ಲಕ್ವ ಹೊಡೆದು ಬಿಟ್ಟೆ. ಈಗ ದಿನಸಿ ಅಂಗಡೀಲಿ ವಾರಕ್ಕೆ 24 ಗಂಟೆ ಬಿಲ್ಲಿಂಗ್. 41,000 ಡಾಲರ್ ಸಾಲ ಬಡ್ಡಿ ಸೇರಿ 67,000 ಆಗಿದೆ. 2019ರಲ್ಲಿ ಚಾಪ್ಟರ್ 7 ಆಯ್ತು, ಸ್ಟೂಡೆಂಟ್ ಲೋನ್ ಮರೆತುಬಿಡಿ ಅಂದ್ರು ಆಗಿನ ವಕೀಲರು.

ಜೋಗದ ಗುಂಡಿ: ನಂದು ಪ್ರೈವೇಟ್ ಲೋನ್. ಚಿಕ್ಕಪ್ಪ ಕೋ-ಸೈನ್ ಮಾಡಿದ್ದಾರೆ, ಅಂದ್ರೆ ಸಾಲಕ್ಕೆ ಅವರೂ ಜೊತೆಗೆ ಸಹಿ ಹಾಕಿದ್ದಾರೆ.

ವಕೀಲೆ: ಗುಂಡಿಯವರೇ, ನಿಮ್ಮ ಹೊಣೆ ಹೋದ್ರೂ ಚಿಕ್ಕಪ್ಪನದು ಹೋಗಲ್ಲ.

ತುಂಗಾ ಅಕ್ಕ, ನಿಮ್ಮದನ್ನ ಎರಡು ಸಲ ಓದಿದೆ. ಮುಗಿದ ಕೇಸನ್ನ ಮತ್ತೆ ತೆರೆಸಬಹುದು, ಈ ದಾವೆಗೆ ಕೊನೇ ದಿನಾಂಕ ಅನ್ನೋದಿಲ್ಲ. ನಮ್ಮ ಕಡೆ ಕೋರ್ಟುಗಳು 1987ರ ಬ್ರನ್ನರ್ ತೀರ್ಪಿನ ಮೂರು ಪ್ರಶ್ನೆ ಕೇಳ್ತವೆ: ಸಾಲ ಕಟ್ಟಿದ್ರೆ ಕನಿಷ್ಠ ಮಟ್ಟದ ಸಂಸಾರವಾದ್ರೂ ನಡೆಯುತ್ತಾ, ಮುಂದೂ ಹೀಗೇನಾ, ಇಷ್ಟು ದಿನ ಕಟ್ಟೋಕೆ ಪ್ರಾಮಾಣಿಕವಾಗಿ ನೋಡಿದ್ರಾ. ಎರಡನೇ ಪ್ರಶ್ನೆಯಲ್ಲಿ ಬಿದ್ದವರು ತುಂಬಾ ಜನ. 2022ರ ನವೆಂಬರ್‌ನಲ್ಲಿ ನ್ಯಾಯ ಇಲಾಖೆ ಒಂದು ಅಟೆಸ್ಟೇಶನ್ ಫಾರಂ ತಂತು. ಆದಾಯ, ಖರ್ಚು ಪ್ರಮಾಣ ಮಾಡಿ ಬರೆದುಕೊಡಬೇಕು, ಖರ್ಚನ್ನ ಐಆರ್‌ಎಸ್ (ತೆರಿಗೆ ಇಲಾಖೆ) ಮಾನದಂಡಕ್ಕೆ ಹೋಲಿಸ್ತಾರೆ. ಡಿಗ್ರಿ ಮುಗಿಸದವರು, ಮರುಪಾವತಿ ಶುರುವಾಗಿ 10 ವರ್ಷ ದಾಟಿದವರು, 65 ಆದವರು, ಇವರ ಕಷ್ಟ ಮುಂದೂ ಇರುತ್ತೆ ಅಂತಲೇ ಸರ್ಕಾರಿ ವಕೀಲರು ಲೆಕ್ಕ ಹಿಡೀತಾರೆ. ನಿಮಗೆ ಮೊದಲ ಎರಡೂ ಬರೋ ಹಾಗಿದೆ. ಅವರು ಒಪ್ಪಿದ್ರೂ ಕೊನೇ ಮಾತು ಜಡ್ಜ್‌ದು.

ನನಗೆ ಚಿಂತೆ ಇರೋದು ನಿಮ್ಮ 2008ರ ಮೇಲೆ. ಆಗ ಬ್ಯಾಂಕುಗಳೂ ಸರ್ಕಾರದ ಗ್ಯಾರಂಟಿ ಮೇಲೆ ಸಾಲ ಕೊಡ್ತಿದ್ವು, 2010ರಲ್ಲಿ ನಿಂತಿತು. ಅಂಥ ಸಾಲ ಇನ್ನೂ ಬ್ಯಾಂಕಿನ ಕೈಲೇ ಇದ್ರೆ ಈ ಫಾರಂ ದಾರಿ ಇಲ್ಲ, ಪೂರ್ತಿ ದಾವೆ ನಡೆಸಬೇಕು. ಕಂತು ಕೇಳೋ ಕಂಪನಿ ಹೆಸರು ನೋಡಿ ನಿರ್ಧರಿಸಬೇಡಿ. ಸರ್ಕಾರದ ಸ್ಟೂಡೆಂಟ್ ಏಡ್ ವೆಬ್‌ಸೈಟಿನ ನಿಮ್ಮ ಖಾತೆಗೆ ಹೋಗಿ ಸಾಲದ ಮಾಲೀಕರು ಯಾರು ಅಂತ ನೋಡಿ.

ಮೈಸೂರ್ ಪಾಕ್: ಫಾರ್ವರ್ಡ್ ಬಂದಿದೆ 🙏 ಮೂಲ ಸಹಿ ಪತ್ರ ತೋರಿಸಿ ಅಂತ ನೋಟರಿ ಮಾಡಿಸಿ ಕಳಿಸಿ, 30 ದಿನದಲ್ಲಿ ಉತ್ತರ ಬರದಿದ್ರೆ ಸಾಲ ರದ್ದು. ಮಾಡಿಕೊಡೋರಿಗೆ 499 ಡಾಲರ್ ಅಷ್ಟೇ.

ವಕೀಲೆ: ರದ್ದಾಗಲ್ಲ. ದುಡ್ಡು ಕೊಡಬೇಡಿ. ಖಾತೆಯ ಪಾಸ್‌ವರ್ಡ್ ಅಂತೂ ಯಾರಿಗೂ ಕೊಡಬೇಡಿ.

ಗಟ್ಟಿ ಕಾಳು: ಓದೋವಾಗ ಸಾಲ ಬೇಕು, ಕಟ್ಟೋವಾಗ ಕೋರ್ಟು ಬೇಕು. ಹೊಟ್ಟೆ ಬಟ್ಟೆ ಕಟ್ಟಿ ತೀರಿಸಿದ ನಾವೇ ದಡ್ಡರು.

ರಾಗಿಮುದ್ದೆ: ಕಂಪನಿಯವರು ಕೈ ಎತ್ತಿದ್ರೆ ಬಿಸಿನೆಸ್, ಅಂಗಡೀಲಿ ನಿಂತು ದುಡಿಯೋ ಹೆಂಗಸು ಕೇಳಿದ್ರೆ ಮೋಸ. ಅಲ್ವಾ ಸಾರ್?

ಗಟ್ಟಿ ಕಾಳು: ನಾನು ಯಾರ ಹೆಸರೂ ಎತ್ತಿಲ್ಲ. ಕುಂಬಳಕಾಯಿ ಕಳ್ಳ ಅಂದ್ರೆ ನೀವ್ಯಾಕೆ ಹೆಗಲು ಮುಟ್ಟಿ ನೋಡ್ಕೋತೀರಿ?

ರಾಗಿಮುದ್ದೆ: ಮಾತು ನೆಟ್ಟಗಿರಲಿ.

ವಕೀಲೆ: 1976ರ ತನಕ ಸ್ಟೂಡೆಂಟ್ ಲೋನೂ ಬೇರೆ ಸಾಲದ ಹಾಗೇ ದಿವಾಳಿಯಲ್ಲಿ ಹೋಗ್ತಿತ್ತು. ಆಮೇಲೆ 5 ವರ್ಷ ಕಾಯಿರಿ ಅಂದ್ರು, 1990ರಲ್ಲಿ 7 ಮಾಡಿದ್ರು, 1998ರಲ್ಲಿ ಆ ಬಾಗಿಲೂ ಮುಚ್ಚಿದ್ರು. ಗಟ್ಟಿ ಕಾಳು ಅವರೇ, ನೀವು ತೀರಿಸಿದ್ದು ಸಂತೋಷ. ಇಲ್ಲಿ ಯಾರೂ ಅದನ್ನ ಕೇಳಿಲ್ಲ.

ಬೆಣ್ಣೆದೋಸೆ: ಮೇಡಂ, ನನ್ನ ಗ್ರೀನ್‌ಕಾರ್ಡ್ ಪ್ರಶ್ನೆ?

ಕಾಫಿ ತೋಟ: ಚಾಪ್ಟರ್ 7ರಲ್ಲಿ ಸ್ಟೂಡೆಂಟ್ ಲೋನ್ ಹೋಗುತ್ತಾ ಮೇಡಂ?

ವಕೀಲೆ: ಮೇಲೆ ಓದಿ.

ಮೈಸೂರ್ ಪಾಕ್: ನಮ್ಮ ಪರಿಚಯದವರಿಗೆ ನೋಟರಿ ಪತ್ರದಿಂದ ಹೋಯ್ತಂತೆ.

ವಕೀಲೆ: 'ಅಂತೆ' ಮೇಲೆ ಕೋರ್ಟು ನಡೆಯಲ್ಲ. ಇನ್ನೊಂದು ಸಲ ಹಾಕಿದ್ರೆ ನಾನು ಗುಂಪು ಬಿಡ್ತೀನಿ.

ತುಂಗಾ ತೀರ: ನೋಡಿದೆ ಮೇಡಂ. ಎರಡರಲ್ಲಿ ಶಿಕ್ಷಣ ಇಲಾಖೆ ಅಂತಿದೆ, ಒಂದರಲ್ಲಿ ಯಾವುದೋ ಬ್ಯಾಂಕ್. ಹಳೇ ಕಾಗದ ಎಲ್ಲ ಅಕ್ಕಿ ಡಬ್ಬದ ಹಿಂದೆ ಚೀಲದಲ್ಲಿದೆ. ಕೆಲವು ಲಕೋಟೆ ಒಡೆದೇ ಇಲ್ಲ, ಹೆದರಿಕೆಗೆ.

ವಕೀಲೆ: ಒಂದನ್ನೂ ಎಸೀಬೇಡಿ. ಒಡೆದು, ದಿನಾಂಕದ ಪ್ರಕಾರ ಜೋಡಿಸಿಡಿ. ಬ್ಯಾಂಕಿನದು ಎಷ್ಟು ಬಾಕಿ?